ಬಾಯಿ ಬಿಡಿಸುವ ಆಟ ಯಾವುದು? ಮಕ್ಕಳ ಇಂಗ್ಲಿಷ್ ಆ್ಯಪ್‌ಗಳ ಬಗ್ಗೆ ಮೂಡಿಗೆರೆ ಕಡೆಯ ಟೀಚರ್ ಒಬ್ಬರ ಅಭಿಪ್ರಾಯ

"ಮೇಡಂ, ಮಗ ಹೇಗೂ ಮೊಬೈಲ್ ಬಿಡೋದಿಲ್ಲ. ಇಂಗ್ಲಿಷ್ ಬರೋ ಹಂಗೆ ಯಾವುದಾದ್ರೂ ಗೇಮ್ ಹಾಕ್ಕೊಡಿ." ಪೋಷಕರ ಸಭೆ ಇರಲಿ, ಮೂಡಿಗೆರೆ ಬಸ್‌ಸ್ಟ್ಯಾಂಡ್ ಇರಲಿ, ಮಕ್ಕಳ ಗಣತಿಗೆಂದು ತೋಟದ ಕೆಲಸಗಾರರ ಲೈನ್ ಮನೆಗಳಿಗೆ ಹೋದಾಗ ಇರಲಿ, ಈ ಮಾತು ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ನಾನು ಇಲ್ಲೇ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಪ್ರತಿಯೊಬ್ಬರಿಗೂ ನಿಂತಲ್ಲೇ ಅರ್ಧ ಉತ್ತರ ಕೊಡುವ ಬದಲು ಬಳಸಿ ನೋಡಿದ್ದನ್ನೆಲ್ಲ ಒಂದೇ ಕಡೆ ಬರೆದಿಡೋಣ ಅನ್ನಿಸಿತು.

ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಒಂದೇ ಆ್ಯಪ್ ಹಾಕುವುದಾದರೆ ಗೂಗಲ್‌ನವರ ರೀಡ್ ಅಲಾಂಗ್ ಹಾಕಿ. ತರಗತಿಗೆ ಬೇಕು ಅನ್ನುವ ಶಿಕ್ಷಕರು, ಮಕ್ಕಳು ಎತ್ತಿ ಹಿಡಿದು ಉತ್ತರ ತೋರಿಸುವ ಪ್ಲಿಕರ್ಸ್ ಎಂಬ ಕಾಗದದ ಕಾರ್ಡ್ ಮಾಡಿಸಿಕೊಳ್ಳಿ. ಮಿಕ್ಕವು ಆಮೇಲೆ.

ನಾನು ಒಂದು ಆಟವನ್ನು ಅಳೆಯುವುದು ಒಂದೇ ಪ್ರಶ್ನೆಯಿಂದ: ಆಡುವಾಗ ಮಗುವಿನ ಬೆರಳು ಮಾತ್ರ ಓಡುತ್ತಾ, ಬಾಯಿಯೂ ತೆರೆಯುತ್ತಾ? ಇದಕ್ಕೆ ಕಾರಣ ಇದೆ. ನಮ್ಮ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಇದೆ. ಮಕ್ಕಳು ನೋಟ್ಸ್ ಬರೆಯುವುದು ನೋಡಬೇಕು, ನಾಲ್ಕು ಗೆರೆ ಪುಸ್ತಕದಲ್ಲಿ ಮುತ್ತು ಜೋಡಿಸಿದಂಥ ಅಕ್ಷರ. ಅದೇ ಮಗುವನ್ನು ಎಬ್ಬಿಸಿ ನಿಲ್ಲಿಸಿ "ವಾಟ್ ಡಿಡ್ ಯು ಈಟ್ ಟುಡೇ?" ಎಂದು ಕೇಳಿದರೆ ತಲೆ ತಗ್ಗಿಸಿ ಫ್ರಾಕಿನ ಅಂಚು ತಿರುವುತ್ತಾ ನಿಲ್ಲುತ್ತದೆ. ಉತ್ತರ ಗೊತ್ತಿದೆ. ಅಕ್ಕಿರೊಟ್ಟಿ ತಿಂದೆ ಅನ್ನುವುದಕ್ಕೆ ಬೇಕಾದ ಮೂರು ಪದವೂ ಗೊತ್ತಿದೆ. ಪಕ್ಕದ ಬೆಂಚಿನವರು ನಗುತ್ತಾರೆ ಅನ್ನುವ ಅಳುಕು ಗಂಟಲು ಕಟ್ಟುತ್ತದೆ. ಡಿ.ಎಡ್. ಓದುವಾಗ ಸ್ಟೀಫನ್ ಕ್ರಾಶೆನ್ ಎಂಬ ಭಾಷಾವಿಜ್ಞಾನಿಯ ವಾದ ಓದಿದ್ದೆವು: ಹೆದರಿಕೆ, ಆತಂಕ ಇರುವಲ್ಲಿ ಕಿವಿಗೆ ಬಿದ್ದ ಭಾಷೆ ಒಳಗಿಳಿಯುವುದಿಲ್ಲ ಅಂತ. ಪರೀಕ್ಷೆಗೆಂದು ಓದಿದ ಆ ಮಾತು ನಿಜವೆಂದು ತೋರಿಸಿಕೊಟ್ಟದ್ದು ಐದನೇ ತರಗತಿಯ ಮಕ್ಕಳು. ಆಟದಲ್ಲಿ ತಪ್ಪಿದರೆ ಯಾರೂ ನಗುವುದಿಲ್ಲ, ಇನ್ನೊಂದು ಸಲ ಆಡಬಹುದು. ಮೊಬೈಲ್ ಆಟದಿಂದ ನಮಗಾಗುವ ದೊಡ್ಡ ಉಪಕಾರ ಇದು ಎಂದು ನಾನು ನಂಬುತ್ತೇನೆ.

ಈಗ ರೀಡ್ ಅಲಾಂಗ್ ವಿಷಯ. ಇದು 2019ರಲ್ಲಿ ನಮ್ಮ ದೇಶದಲ್ಲೇ 'ಬೋಲೋ' ಎಂಬ ಹೆಸರಲ್ಲಿ ಶುರುವಾಯಿತು, ಮರುವರ್ಷ ಹೆಸರು ಬದಲಾಗಿ ಬೇರೆ ದೇಶಗಳಿಗೂ ಹೋಯಿತು. ಪರದೆಯ ಮೇಲೆ ಕಥೆಯ ಒಂದು ಪುಟ, ಮೂಲೆಯಲ್ಲಿ ದಿಯಾ ಎಂಬ ಗೊಂಬೆ ಹುಡುಗಿ. ಮಗು ಗಟ್ಟಿಯಾಗಿ ಓದಬೇಕು, ದಿಯಾ ಕೇಳಿಸಿಕೊಳ್ಳುತ್ತಾಳೆ. ಸರಿಯಾಗಿ ಓದಿದರೆ ಶಭಾಷ್ ಅನ್ನುತ್ತಾಳೆ. ತಡವರಿಸಿದ ಪದದ ಮೇಲೆ ಬೆರಳಿಟ್ಟರೆ ಹೇಗೆ ಹೇಳಬೇಕೆಂದು ಹೇಳಿಕೊಡುತ್ತಾಳೆ. ಓದಿದಷ್ಟೂ ನಕ್ಷತ್ರ ಸೇರುತ್ತವೆ, ನಡುನಡುವೆ ಪುಟ್ಟ ಪದದಾಟ ಬರುತ್ತದೆ. ಓದದೆ ಸುಮ್ಮನೆ ಬೆರಳಾಡಿಸುತ್ತಾ ಕೂತವರಿಗೆ ಇದರಲ್ಲಿ ಮುಂದಕ್ಕೆ ಹೋಗುವ ಸಂತೋಷ ಸಿಗುವುದಿಲ್ಲ. ನನಗೆ ಹಿಡಿಸಿದ್ದೇ ಇದು.

ನಮ್ಮಂಥ ಊರಿಗೆ ಇದು ಒಗ್ಗುವುದಕ್ಕೆ ಇನ್ನೂ ಕಾರಣಗಳಿವೆ. ಕಥೆಗಳನ್ನು ಒಮ್ಮೆ ಇಳಿಸಿಕೊಂಡರೆ ಆಮೇಲೆ ನೆಟ್ ಬೇಡ. ಸಿಗ್ನಲ್‌ಗಾಗಿ ಗುಡ್ಡದ ತಿರುವಿನ ಮೋರಿಕಟ್ಟೆಗೆ ಹೋಗಿ ನಿಲ್ಲುವ ಊರಿನವರಿಗೆ ಇದರ ಬೆಲೆ ಗೊತ್ತು. ದುಡ್ಡು ಕೊಡಬೇಕಿಲ್ಲ, ಜಾಹೀರಾತು ಇಲ್ಲ. ಮಗುವಿನ ಧ್ವನಿಯನ್ನು ಫೋನಿನೊಳಗೇ ಪರೀಕ್ಷಿಸಲಾಗುತ್ತದೆ, ಕಂಪನಿಯ ಸರ್ವರ್‌ಗೆ ಕಳಿಸುವುದಿಲ್ಲ ಎಂದು ಅವರೇ ಹೇಳಿದ್ದಾರೆ. ಶುರುವಿನಲ್ಲಿ ಉತ್ತರ ಪ್ರದೇಶದ 200 ಹಳ್ಳಿಗಳಲ್ಲಿ ಪ್ರಯೋಗ ಮಾಡಿದಾಗ ಮೂರು ತಿಂಗಳಲ್ಲಿ ಶೇ. 64ರಷ್ಟು ಮಕ್ಕಳ ಓದು ಸುಧಾರಿಸಿತು ಎಂದು ಗೂಗಲ್ ಆಗ ಪ್ರಕಟಿಸಿತ್ತು. ತಮ್ಮ ಸಾಮಾನಿನ ಬಗ್ಗೆ ತಾವೇ ಹೇಳಿದ ಅಂಕಿಯಾದ್ದರಿಂದ ನಾನು ಅದನ್ನು ಅಷ್ಟಕ್ಕೇ ಇಟ್ಟುಕೊಳ್ಳುತ್ತೇನೆ. ನನ್ನ ಕಣ್ಣೆದುರು ಕಂಡದ್ದು ನನಗೆ ಹೆಚ್ಚು.

ಅಸ್ಸಾಂ ಕಡೆಯಿಂದ ತೋಟದ ಕೆಲಸಕ್ಕೆ ಬಂದ ಕುಟುಂಬದ ಹುಡುಗನೊಬ್ಬ ನಮ್ಮ ನಾಲ್ಕನೇ ತರಗತಿಗೆ ಸೇರಿದ. ಮನೆಮಾತು ಬಂಗಾಳಿ. ಕನ್ನಡದ ಅಕ್ಷರ ಇನ್ನೂ ಹಿಡಿತಕ್ಕೆ ಬಂದಿರಲಿಲ್ಲ, ತರಗತಿಯಲ್ಲಿ ಮೂಕನ ಹಾಗೆ ಕೂರುತ್ತಿದ್ದ. ರೀಡ್ ಅಲಾಂಗ್‌ನಲ್ಲಿ ಬಂಗಾಳಿಯೂ ಇದೆ. ಅದರಲ್ಲಿ ತನ್ನ ಭಾಷೆಯ ಅಕ್ಷರ ಕಂಡಾಗ ಅವನ ಮುಖ ಅರಳಿದ್ದನ್ನು ಏನೆಂದು ಹೇಳಲಿ! ಮೊದಲು ಆ ಕಥೆ ಓದಿದ, ಆಮೇಲೆ ತಾನೇ ಇಂಗ್ಲಿಷಿಗೆ ದಾಟಿದ. ಇಂಗ್ಲಿಷ್ ಅವನಿಗೂ ಹೊಸದು, ಊರಿನ ಗೌಡರ ಮನೆ ಮಗುವಿಗೂ ಹೊಸದು, ತಮಿಳು ಮಾತಾಡುವ ಲೈನ್ ಮನೆಯ ಹುಡುಗಿಗೂ ಹೊಸದು. ಆ ಒಂದು ವಿಷಯದಲ್ಲಿ ಎಲ್ಲರೂ ಒಂದೇ ಗೆರೆಯಿಂದ ಓಟ ಶುರು ಮಾಡಿದರು. ಈಗ ಅವನು ಕನ್ನಡದಲ್ಲೂ ಜಗಳ ಆಡುತ್ತಾನೆ, ಅದು ಬೇರೆ ವಿಷಯ.

ಒಂದು ಎಚ್ಚರಿಕೆ. ಮಕ್ಕಳ ದನಿ ಕೇಳಿಸಿಕೊಳ್ಳುವ ಯಾವ ಆ್ಯಪ್ ಆದರೂ ನಮ್ಮ ಆಷಾಢದ ಮಳೆಯಲ್ಲಿ ಶೀಟಿನ ಮಾಡಿನ ಕೆಳಗೆ ಕೆಲಸಕ್ಕೆ ಬಾರದು. ಆ ಸದ್ದಿನಲ್ಲಿ ನನ್ನ ದನಿಯೇ ಹಿಂದಿನ ಬೆಂಚಿಗೆ ಮುಟ್ಟುವುದಿಲ್ಲ. ಅಂಥ ದಿನ ಕಂಬಳಿ ಹೊದ್ದು ಫೋನನ್ನು ಬಾಯಿಯ ಹತ್ತಿರ ಹಿಡಿದು ಓದಬೇಕು, ಇಲ್ಲವೇ ಮಳೆ ಬಿಡುವ ತನಕ ಕಾಯಬೇಕು. ಇನ್ನೊಂದು: ಆ್ಯಪ್‌ನ ಕೆಲಸ ಓದಿಸುವುದು. ಓದಿದ್ದು ಅರ್ಥವಾಯಿತೇ ಎಂದು ವಿಚಾರಿಸುವ ಕೆಲಸ ಮನೆಯವರದ್ದು ಮತ್ತು ನಮ್ಮದು. ಅಮ್ಮನಿಗೆ ಇಂಗ್ಲಿಷ್ ಬರಬೇಕೆಂದಿಲ್ಲ. "ಕಥೇಲಿ ಏನಾಯ್ತು, ನಂಗೆ ಕನ್ನಡದಲ್ಲಿ ಹೇಳು ಪುಟ್ಟಿ" ಅಂದರೆ ಸಾಕು, ಮಗು ಮತ್ತೊಮ್ಮೆ ಪುಟ ತಿರುಗಿಸಿ ನೋಡುತ್ತದೆ.

ನಕ್ಷತ್ರದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಪೋಷಕರಿಗೆ ಅದರ ಮೇಲೆ ಬಹಳ ನಂಬಿಕೆ. "ನಮ್ ಹುಡುಗಿದು ಸಾವಿರ ಸ್ಟಾರ್ ಆಯ್ತು ಮೇಡಂ" ಎಂದು ಹೆಮ್ಮೆಯಿಂದ ತೋರಿಸುತ್ತಾರೆ. ಮೊದಮೊದಲು ಮಗುವನ್ನು ಎಳೆದು ಕೂರಿಸುವುದಕ್ಕೆ ನಕ್ಷತ್ರ ಬೇಕು, ಒಪ್ಪುತ್ತೇನೆ. ಆದರೆ ಅದನ್ನೇ ಗುರಿ ಮಾಡಿಬಿಟ್ಟರೆ ತಿರುಗಿ ಹೊಡೆಯುತ್ತದೆ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಮನೋವಿಜ್ಞಾನಿಗಳು ಅಮೆರಿಕದ ಒಂದು ಶಿಶುವಿಹಾರದಲ್ಲಿ ಚಿತ್ರ ಬರೆಯುವುದೆಂದರೆ ಇಷ್ಟಪಡುತ್ತಿದ್ದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಚಿತ್ರ ಬರೆದರೆ ಬಂಗಾರದ ಬಣ್ಣದ ನಕ್ಷತ್ರ ಅಂಟಿಸಿದ, ರಿಬ್ಬನ್ ಇರುವ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಹೇಳದೆ ಕೊಟ್ಟರು, ಮತ್ತೊಂದಕ್ಕೆ ಏನೂ ಇಲ್ಲ. ಕೆಲವು ದಿನ ಕಳೆದು ಬಿಡುವಿನ ಹೊತ್ತಲ್ಲಿ ಬಣ್ಣದ ಪೆನ್ನು ಮುಂದಿಟ್ಟು ದೂರದಿಂದ ನೋಡಿದರೆ, ಬಹುಮಾನದ ಆಸೆಗೆ ಬರೆದಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ತಾವಾಗಿಯೇ ಇಷ್ಟಪಟ್ಟು ಮಾಡುತ್ತಿದ್ದುದು ಕೂಲಿ ಕೆಲಸವಾಗಿ ಹೋಗಿತ್ತು.

ನಮ್ಮಲ್ಲಿ ಇದನ್ನು ಕಂಡದ್ದು ಹೀಗೆ. ಕೆಲವು ಮಕ್ಕಳು ನಕ್ಷತ್ರ ಬೇಗ ಸೇರಲಿ ಎಂದು ಬಾಯಿಪಾಠವಾದ ಸುಲಭದ ಕಥೆಯನ್ನೇ ಮತ್ತೆ ಮತ್ತೆ ಓದುತ್ತಿದ್ದರು. ಹಾಗಾಗಿ ಒಂದು ಫೋನಿಗೆ ಇಬ್ಬರನ್ನು ಕೂರಿಸಿದೆ. ಒಬ್ಬಳು ಒಂದು ಪುಟ, ಇನ್ನೊಬ್ಬಳು ಮುಂದಿನ ಪುಟ. ಪದ ಸಿಕ್ಕಿಹಾಕಿಕೊಂಡರೆ ದಿಯಾಳನ್ನು ಕೇಳುವ ಮೊದಲು ಪಕ್ಕದವಳನ್ನು ಕೇಳಬೇಕು. ಕೇಳಲು ನಾನೇ ಪಕ್ಕದಲ್ಲಿ ಕೂತಿದ್ದೆ. "ಹೇ, ಅದು ಕ್ನೈಫ್ ಅಲ್ವೇ, ನೈಫ್! ಕೆ ಸುಮ್ನೆ ಕೂತಿರೋದು." "ಸುಮ್ನೆ ಕೂರೋದಾದ್ರೆ ಯಾಕೆ ಬಂತಂತೆ?" ಇಬ್ಬರೂ ನನ್ನ ಕಡೆ ನೋಡಿದರು, ನಾನು ದಿಯಾಳ ಕಡೆ ತೋರಿಸಿದೆ. ಅವಳೂ ನೈಫ್ ಅಂದಳು. ತೀರ್ಪು ಸಿಕ್ಕಿತು. ಹಳ್ಳಿಯ ಮನೆಯಲ್ಲಿ ಫೋನ್ ಒಂದೇ ಇರುವುದು ಕೊರತೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಕ್ಕ-ತಮ್ಮ ಇಬ್ಬರೂ ಒಂದೇ ಫೋನಿನ ಮುಂದೆ ಕೂತು ಓದುವುದು ಇಬ್ಬರಿಗೂ ಒಳ್ಳೆಯದು, ದಯವಿಟ್ಟು ಎರಡನೇ ಫೋನ್ ತರಬೇಡಿ.

ಹೀಗೆ ಹೇಳುವಾಗ ಬೇಡದ್ದನ್ನೂ ಹೇಳಬೇಕು. ಪೋಷಕರೊಬ್ಬರು ಹಾಕಿಕೊಟ್ಟಿದ್ದ, ಎ ಬಿ ಸಿ ಡಿ ಕಲಿಸುವ ಒಂದು ಉಚಿತ ಆ್ಯಪ್ ನೋಡಿದೆ, ಹೆಸರು ಬೇಡ. ಪ್ರತಿ ಎರಡು ಅಕ್ಷರಕ್ಕೊಂದು ಜಾಹೀರಾತು. ಅದನ್ನು ಮುಚ್ಚುವ ಗುರುತು ಸಾಸಿವೆ ಕಾಳಿನಷ್ಟು ಸಣ್ಣದು, ಮಗುವಿನ ಬೆರಳು ತಪ್ಪಿ ಬಿದ್ದರೆ ನೇರ ಇನ್ನೊಂದು ಆಟದ ಅಂಗಡಿಗೆ. ಜಾಹೀರಾತಿನಲ್ಲಿ ಬಂದದ್ದು ದುಡ್ಡು ಕಟ್ಟಿ ಆಡುವ ಇಸ್ಪೀಟಿನಾಟ. ಏಳು ವರ್ಷದ ಮಗುವಿನ ಮುಂದೆ! ಇಂಥದ್ದನ್ನು ಆವತ್ತೇ ತೆಗೆದು ಹಾಕಿ. ಹೊಸ ಆ್ಯಪ್ ಯಾವುದೇ ಇರಲಿ, ಮಗುವಿಗೆ ಕೊಡುವ ಮೊದಲು ನೀವೇ ಒಂದು ಕಾಫಿ ಕುಡಿಯುವಷ್ಟು ಹೊತ್ತು ಆಡಿ ನೋಡಿ.

ಚಿಕ್ಕ ಮಕ್ಕಳಿಗೆ, ಅಂದರೆ ಅಂಗನವಾಡಿಯಿಂದ ಎರಡನೇ ತರಗತಿಯವರೆಗೆ, ಖಾನ್ ಅಕಾಡೆಮಿ ಕಿಡ್ಸ್ ಚೆನ್ನಾಗಿದೆ. 2018ರಲ್ಲಿ ಬಂದದ್ದು, ಪೂರ್ತಿ ಉಚಿತ, ಜಾಹೀರಾತಿಲ್ಲ. ಕೋಡಿ ಎಂಬ ಕರಡಿ ಮತ್ತು ಅದರ ಗೆಳೆಯರು ಅಕ್ಷರ, ಹಾಡು, ಕಥೆ ಎಲ್ಲ ಮಾಡಿಸುತ್ತಾರೆ. ಎಲ್ಲವೂ ಅಮೆರಿಕದ ಉಚ್ಚಾರಣೆಯಾದ್ದರಿಂದ ಮೊದಲ ವಾರ ದೊಡ್ಡವರು ಪಕ್ಕದಲ್ಲಿ ಕೂತು ಹೇಳಿಕೊಡಬೇಕು. ಬಾಯಿಗಿಂತ ಕಿವಿಗೆ ಕೆಲಸ ಜಾಸ್ತಿ, ಆ ವಯಸ್ಸಿಗೆ ಅದು ಸರಿ.

ಡ್ಯುಯೊಲಿಂಗೊ ಬಗ್ಗೆ ತುಂಬಾ ಜನ ಕೇಳುತ್ತಾರೆ. ಗ್ವಾಟೆಮಾಲದಲ್ಲಿ ಹುಟ್ಟಿದ ಲೂಯಿಸ್ ವಾನ್ ಆನ್ ಮತ್ತು ಸೆವೆರಿನ್ ಹ್ಯಾಕರ್ ಸೇರಿ ಕಟ್ಟಿದ ಇದು 2012ರಿಂದ ಎಲ್ಲರಿಗೂ ಸಿಗುತ್ತಿದೆ. ಹಸಿರು ಗೂಬೆ, ದಿನ ತಪ್ಪದೆ ಆಡಿದರೆ ಬೆಳೆಯುವ ಸ್ಟ್ರೀಕ್, ವಾರದ ಲೀಗ್ ಪಟ್ಟಿ, ಎಲ್ಲ ಸೇರಿ ಆಡುವವರನ್ನು ಹಿಡಿದಿಡುತ್ತದೆ. ಹೈಸ್ಕೂಲಿನವರಿಗೆ, ಕಾಲೇಜಿಗೆ ಹೋಗುವವರಿಗೆ, ಇಂಗ್ಲಿಷ್ ಕಲಿಯಬೇಕೆಂಬ ಆಸೆಯುಳ್ಳ ತಾಯಂದಿರಿಗೆ ನಾನೇ ಹೇಳಿ ಹಾಕಿಸುತ್ತೇನೆ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಹೇಳುವುದಿಲ್ಲ. ಒಂದು ದಿನ ಕರೆಂಟಿಲ್ಲದೆ ಫೋನ್ ಚಾರ್ಜ್ ಆಗದಿದ್ದರೆ ಸ್ಟ್ರೀಕ್ ಮುರಿಯುತ್ತದೆ, ನಮ್ಮ ಮಳೆಗಾಲದಲ್ಲಿ ಅದು ಸಾಮಾನ್ಯ. ಮಗುವಿನ ಕೈಯಲ್ಲಿಲ್ಲದ ಕಾರಣಕ್ಕೆ ಮಗು ಅಳಬಾರದು.

ಇನ್ನು ತರಗತಿ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ನನ್ನ ಹಾಗೆ ಒಂದು ಫೋನ್, ಒಂದು ಕರಿಹಲಗೆ ಇಟ್ಟುಕೊಂಡು ಕಲಿಸುವ ಶಿಕ್ಷಕರು ಬಹಳ ಜನ ಇದ್ದಾರೆ. ಪಟ್ಟಣದ ಶಾಲೆಗಳಲ್ಲಿ ಕಹೂಟ್ ಎಂಬ ಕ್ವಿಜ್ ಆಟ ಆಡಿಸುತ್ತಾರೆ. ನಾರ್ವೆಯವರದ್ದು, ಮಕ್ಕಳ ಕೈಯಲ್ಲೆಲ್ಲ ಒಂದೊಂದು ಸ್ಕ್ರೀನ್ ಬೇಕು. ನಮಗೆ ಅದು ಆಗದ ಮಾತು. ಪ್ಲಿಕರ್ಸ್‌ನಲ್ಲಿ ಮಕ್ಕಳ ಕೈಗೆ ಕೊಡುವುದು ಬರೀ ಕಾಗದ. ಕ್ಯೂಆರ್ ಕೋಡಿನ ಥರ ಕಪ್ಪು ಚೌಕಗಳ ಒಂದು ಚಿತ್ರ, ನಾಲ್ಕು ಬದಿಗೆ ಎ, ಬಿ, ಸಿ, ಡಿ ಎಂದು ಸಣ್ಣ ಅಕ್ಷರ. ಪ್ರಶ್ನೆ ಹೇಳುತ್ತೇನೆ. ಉತ್ತರ ಬಿ ಅನ್ನಿಸಿದರೆ ಬಿ ಇರುವ ಬದಿ ಮೇಲೆ ಬರುವ ಹಾಗೆ ತಿರುಗಿಸಿ ಎತ್ತಿ ಹಿಡಿಯಬೇಕು. ನಾನು ಮುಂದೆ ನಿಂತು ಫೋನಿನ ಕ್ಯಾಮೆರಾ ಒಮ್ಮೆ ಎಡದಿಂದ ಬಲಕ್ಕೆ ಆಡಿಸಿದರೆ ಯಾರ ಉತ್ತರ ಸರಿ, ಯಾರದ್ದು ತಪ್ಪು ಎಂಬುದು ಹೆಸರಿನ ಸಮೇತ ನನ್ನ ಫೋನಿಗೆ ಬಂದು ಕೂರುತ್ತದೆ. ಒಬ್ಬೊಬ್ಬರ ಕಾರ್ಡಿನ ಚಿತ್ರ ಒಂದೊಂದು ಥರ ಇರುವುದರಿಂದ ಪಕ್ಕದವರ ಕಾರ್ಡ್ ನೋಡಿ ನಕಲು ಮಾಡಲು ಬರುವುದಿಲ್ಲ. ತಪ್ಪಿದವರ ಹೆಸರು ನನಗೆ ಮಾತ್ರ ಗೊತ್ತು. ನಾಚಿಕೆಯ ಮಕ್ಕಳ ಕೈ ಮೇಲೇಳುವುದು ಇದಕ್ಕೇ.

ಕಾರ್ಡನ್ನು ಅವರ ವೆಬ್‌ಸೈಟಿನಿಂದ ಉಚಿತವಾಗಿ ತೆಗೆದು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆ. ಹಳೆಯ ನೋಟ್‌ಬುಕ್ಕಿನ ರಟ್ಟಿಗೆ ಮಕ್ಕಳೇ ಅಂಟಿಸಿದರು. ಹೊಳೆಯುವ ಲ್ಯಾಮಿನೇಶನ್ ಮಾಡಿಸಬೇಡಿ, ಬೆಳಕು ಬಿದ್ದು ಪ್ರತಿಫಲಿಸಿದರೆ ಕ್ಯಾಮೆರಾಕ್ಕೆ ಗುರುತು ಸಿಗುವುದಿಲ್ಲ. ಬೆರಳು ಕಪ್ಪು ಚಿತ್ರದ ಮೇಲೆ ಬರಬಾರದು, ಅಂಚನ್ನಷ್ಟೇ ಹಿಡಿಯಬೇಕು ಎಂದು ಮೊದಲೇ ಅಭ್ಯಾಸ ಮಾಡಿಸಿ. ಇದೇ ಥರ ಕಾಗದದ ಕಾರ್ಡಿನ ಆಟ ಕ್ವಿಜ಼ಿಜ಼್‌ನಲ್ಲೂ ಇದೆ. ಅದು 2015ರಲ್ಲಿ ನಮ್ಮ ಬೆಂಗಳೂರಲ್ಲೇ ಅಂಕಿತ್ ಗುಪ್ತ, ದೀಪಕ್ ಜಾಯ್ ಚೀನತ್ ಎಂಬಿಬ್ಬರು ಶುರು ಮಾಡಿದ್ದು, ಈಗ ಹೆಸರು ವೇಗ್ರೌಂಡ್ ಎಂದಾಗಿದೆ.

ಬರೀ ಕಾರ್ಡ್ ಎತ್ತಿದರೆ ಬಾಯಿ ಎಲ್ಲಿ ತೆರೆಯಿತು ಎಂದು ಕೇಳಬಹುದು. ಉತ್ತರ ತೋರಿಸುವ ಮೊದಲು "ಟೆಲ್ ಯುವರ್ ಪಾರ್ಟ್ನರ್" ಎಂದು ಒಂದು ನಿಮಿಷ ಕೊಡುತ್ತೇನೆ. ಯಾಕೆ ಬಿ, ಯಾಕೆ ಸಿ ಅಲ್ಲ ಎಂದು ಪಕ್ಕದವರಿಗೆ ಇಂಗ್ಲಿಷಿನಲ್ಲಿ ಹೇಳಬೇಕು, ಅರ್ಧ ಕನ್ನಡ ಸೇರಿದರೂ ಪರವಾಗಿಲ್ಲ. ಆ ಒಂದು ನಿಮಿಷದ ಗದ್ದಲಕ್ಕೆ ಪಕ್ಕದ ಕೊಠಡಿಯ ಮೇಷ್ಟ್ರು ಕಿಟಕಿಯಿಂದ ಇಣುಕಿದ್ದೂ ಉಂಟು.

ನಲಿಕಲಿ ತರಗತಿಯಲ್ಲಿ ಕೆಲಸ ಮಾಡಿದ ಶಿಕ್ಷಕರಿಗೆ ಇದು ಯಾವುದೂ ಹೊಸದೆನ್ನಿಸದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಆ ಪದ್ಧತಿಯಲ್ಲಿ ಕಲಿಕಾ ಮೆಟ್ಟಿಲು, ಕಾರ್ಡು, ಗುಂಪಿನ ತಟ್ಟೆ ಎಲ್ಲ ಇವೆ. ಮಗು ತನ್ನ ಮೆಟ್ಟಿಲಲ್ಲಿ ತಾನಿರುತ್ತದೆ, ಅದು ದಾಟಿದ ಮೇಲೆ ಮುಂದಿನದು. ಮೊಬೈಲ್ ಆಟಗಳಲ್ಲಿ ಲೆವೆಲ್ ಎಂದು ಕರೆಯುವುದನ್ನು ನಮ್ಮ ಹಿರಿಯ ಶಿಕ್ಷಕಿಯರು ರಟ್ಟಿನ ಮೇಲೆ ಬರೆದು ಗೋಡೆಗೆ ತೂಗುಹಾಕಿದ್ದರು. ತರಬೇತಿಗಳಲ್ಲಿ ಇದನ್ನು ಯಾರೂ ನೆನಪಿಸುವುದಿಲ್ಲ ಎಂಬುದು ನನಗೆ ಬೇಸರ.

ನೆಟ್ಟೂ ಇಲ್ಲ, ಕರೆಂಟೂ ಇಲ್ಲ ಅನ್ನುವ ದಿನಕ್ಕೆ ವರ್ಡಲ್ ಇದೆ, ಕರಿಹಲಗೆಯ ಮೇಲೆ. ಜಾಶ್ ವಾರ್ಡಲ್ ಎಂಬಾತ ಮಾಡಿ 2021ರಲ್ಲಿ ಎಲ್ಲರಿಗೂ ಬಿಟ್ಟ ಆಟ, ಮರುವರ್ಷ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡಿತು. ಐದಕ್ಷರದ ಗುಟ್ಟಿನ ಪದ, ಊಹಿಸಲು ಆರು ಅವಕಾಶ. ಅಕ್ಷರ ಸರಿಯಾದ ಜಾಗದಲ್ಲಿದ್ದರೆ ಹಸಿರು, ಪದದಲ್ಲಿದ್ದರೂ ಜಾಗ ಬೇರೆಯಾದರೆ ಹಳದಿ. ನನ್ನ ಹತ್ತಿರ ಹಸಿರು, ಹಳದಿ ಸೀಮೆಸುಣ್ಣ ಇದೆ, ಅಷ್ಟು ಸಾಕು.

ಜುಲೈನಲ್ಲಿ ಆಡಿದ ಒಂದು ಆಟ ಹೇಳುತ್ತೇನೆ. ಆರನೇ ತರಗತಿ. ಮೊದಲ ಸಾಲಿನವರು "ವಾಟರ್" ಅಂದರು. ಇ ಒಂದಕ್ಕೆ ಹಳದಿ. ಎರಡನೇ ಸಾಲು "ಗ್ರೀನ್". ಮೂರನೇ ಜಾಗದ ಇ ಹಸಿರಾಯಿತು, ನಾಲ್ಕನೆಯದು ಹಳದಿ. ಎರಡು ಇ ಇದೆ ಎಂದು ಗೊತ್ತಾದದ್ದೇ ತಡ, ಗುಸುಗುಸು ಶುರು. "ಸ್ಲೀಪ್" ಅಂದರು, ಎಲ್‌ಗೂ ಹಳದಿ ಸಿಕ್ಕಿತು. "ಟೀತ್" ಅಂದರು, ನಡುವಿನ ಎರಡೂ ಇ ಹಸಿರು, ಕೊನೆಯ ಎಚ್ ಹಸಿರು. ಈಗ ಹಲಗೆಯ ಮೇಲೆ ಮೂರಕ್ಷರ ನಿಂತಿದೆ, ಎಲ್‌ಗೆ ಜಾಗ ಹುಡುಕಬೇಕು. ಇಡೀ ತರಗತಿ ಉಸಿರು ಬಿಗಿಹಿಡಿದಿತ್ತು. ಕೊನೆಯ ಬೆಂಚಿನ ಹುಡುಗ, ಬೆಳಿಗ್ಗೆ ತಾನೇ ಗದ್ದೆ ಬದುವಿನ ದಾರಿಯಲ್ಲಿ ಬಂದು ಕಾಲಿನ ಉಂಬಳ (ಜಿಗಣೆ) ಕಿತ್ತು ಸುಣ್ಣ ಹಚ್ಚಿಸಿಕೊಂಡವನು, ಎದ್ದು ನಿಂತು ಕೂಗಿದ: "ಲೀಚ್ ಮಿಸ್! ಎಲ್, ಇ, ಇ, ಸಿ, ಎಚ್!" ಗೆದ್ದವರು ಆ ಪದ ಹಾಕಿ ಒಂದು ವಾಕ್ಯ ಹೇಳಬೇಕೆಂಬುದು ನಮ್ಮ ನಿಯಮ. "ಲೀಚ್ ಬೈಟ್ ಮೈ ಲೆಗ್" ಅಂದ. "ಯೆಸ್, ಎ ಲೀಚ್ ಬಿಟ್ ಯುವರ್ ಲೆಗ್" ಎಂದೆ. ತಿದ್ದಿದ್ದೇನೆಂದು ಅವನಿಗೆ ಅನ್ನಿಸಲೂ ಇಲ್ಲ. "ಟುಡೇ ಮಾರ್ನಿಂಗ್ ಬಿಟ್ ಮೈ ಲೆಗ್ ಮಿಸ್, ಬ್ಲಡ್ ಕೇಮ್" ಎಂದು ತಾನಾಗಿಯೇ ಮುಂದುವರಿಸಿದ. ಪಾಠದ ಪ್ರಶ್ನೆಗೆ ಒಂದು ಪದ ಹೇಳದ ಹುಡುಗ ಅವನು.

ನನ್ನ ದೊಡ್ಡ ದೂರು ಇರುವುದು ಈ ಎಲ್ಲ ಆ್ಯಪ್‌ಗಳು ಮಕ್ಕಳ ಮುಂದಿಡುವ ಲೋಕದ ಬಗ್ಗೆ. ಸೇಬು, ಹಿಮದ ಗೊಂಬೆ, ಸುರಂಗ ರೈಲು. ನಮ್ಮ ಮಕ್ಕಳ ಬಾಯಲ್ಲಿ ಆಗಲೇ ಓಡಾಡುವ ಕಾಫಿ ತೋಟದ ಇಂಗ್ಲಿಷ್ ಎಷ್ಟಿದೆ! ಪಲ್ಪರ್, ಸ್ಪ್ರಿಂಕ್ಲರ್, ಶೇಡ್, ಪಾರ್ಚ್‌ಮೆಂಟ್, ಡ್ರೈಯಿಂಗ್ ಯಾರ್ಡ್, ರೈಟರ್, ಬೋನಸ್. ಕೊಯ್ಲಿನ ಕಾಲದಲ್ಲಿ ಅಪ್ಪ-ಅಮ್ಮ ಮನೆಗೆ ಬಂದು ಮಾತಾಡುವುದೇ ಇವನ್ನು. ಯಾವ ಆಟದಲ್ಲೂ ಇವು ಬರುವುದಿಲ್ಲ. ಹಾಗಾಗಿ ಪ್ಲಿಕರ್ಸ್ ಪ್ರಶ್ನೆಗಳನ್ನು ಮಕ್ಕಳಿಂದಲೇ ಮಾಡಿಸುತ್ತೇನೆ. ಕಣದಲ್ಲಿ ಹರವಿದ ಕಾಫಿಯ ಫೋಟೊ, ಬೇಲಿಯ ಪಕ್ಕ ಆನೆ ಹೆಜ್ಜೆಯ ಫೋಟೊ. "ಹೂ ವಾಕ್ಡ್ ಹಿಯರ್ ಲಾಸ್ಟ್ ನೈಟ್?" ಎಂದು ಪ್ರಶ್ನೆ ಬರೆದವಳು ಐದನೇ ತರಗತಿಯವಳು. ನಾಲ್ಕು ಆಯ್ಕೆಯಲ್ಲಿ ಮೂರನೆಯದು ಅವಳ ಅಜ್ಜ, ತರಗತಿಯಲ್ಲಿ ಅರ್ಧ ಜನ ನಕ್ಕು ಅದನ್ನೇ ಎತ್ತಿ ಹಿಡಿದರು. ಪ್ರಶ್ನೆ ಕೇಳುವ ಕುರ್ಚಿಯಲ್ಲಿ ಕೂತ ಮಗು ಕಲಿಯುವಷ್ಟು ಉತ್ತರ ಹುಡುಕುವ ಮಗು ಕಲಿಯುವುದಿಲ್ಲ, ಇದನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ.

ಪೋಷಕರಿಗೆ ಉಪಯೋಗಕ್ಕೆ ಬರುವ ಒಂದು ವಿಷಯ ಉಳಿಯಿತು. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸೆಕ್ಯೂರಿಟಿ ಎಂಬಲ್ಲಿ ಹುಡುಕಿದರೆ ಆ್ಯಪ್ ಪಿನ್ ಅಥವಾ ಸ್ಕ್ರೀನ್ ಪಿನ್ ಎಂದಿರುತ್ತದೆ. ಅದನ್ನು ಆನ್ ಮಾಡಿ, ಪಿನ್ ತೆಗೆಯುವಾಗ ಫೋನಿನ ಲಾಕ್ ಕೇಳುವ ಆಯ್ಕೆಯನ್ನೂ ಆನ್ ಮಾಡಿ, ರೀಡ್ ಅಲಾಂಗ್ ತೆರೆದು ಪಿನ್ ಹಾಕಿ ಕೊಟ್ಟರೆ, ನೀವು ಲಾಕ್ ತೆಗೆಯುವ ತನಕ ಮಗು ಅದನ್ನು ಬಿಟ್ಟು ಯೂಟ್ಯೂಬಿಗಾಗಲಿ ಫೋನ್‌ಪೇಗಾಗಲಿ ಹೋಗಲಾಗುವುದಿಲ್ಲ. ಹೇಗೆ ಮಾಡುವುದೆಂದು ಗೊತ್ತಾಗದಿದ್ದರೆ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಫೋನ್ ತೆಗೆದುಕೊಂಡು ಬನ್ನಿ, ನಾನೇ ಮಾಡಿಕೊಡುತ್ತೇನೆ. ಕಥೆಗಳನ್ನೂ ಅಲ್ಲೇ ಇಳಿಸಿಕೊಳ್ಳಬಹುದು, ಶಾಲೆಯ ಮೆಟ್ಟಿಲ ಹತ್ತಿರ ಸಿಗ್ನಲ್ ಸಿಗುತ್ತದೆ.